ತೊಳೆಯುವ ಕೈಯನ್ನು ಕೇಳಿ ಕಾವಲಿ ಕೊಳ್ಳಿ

ಎರಡನೇ ವರ್ಷ ಮುಗಿಯುತ್ತಿದ್ದಂತೆ ನಮ್ಮಲ್ಲಿ ಸಾಕಷ್ಟು ಜನ ಹಾಸ್ಟೆಲ್ ಬಿಟ್ಟು ಹೊರಗೆ ರೂಮು ಮಾಡ್ತಾರೆ. ನಾಲ್ಕು ಜನ, ಎರಡು ರೂಮು, ಒಂದು ಅಡುಗೆಮನೆ. ಮೊದಲ ವಾರದ ಶಾಪಿಂಗ್ ಲಿಸ್ಟು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: ಇಂಡಕ್ಷನ್ ಸ್ಟೌ, ಕುಕ್ಕರ್, ನಾನ್‌ಸ್ಟಿಕ್ ತವಾ, ಪಾತ್ರೆ ತಿಕ್ಕೋಕೆ ಒಂದು ಹಸಿರು ಪ್ಯಾಡು, ಒಂದು ಸ್ಟೀಲ್ ನಾರು. ಮೊದಲ ತಿಂಗಳು ದೋಸೆ ಜಾರಿಕೊಂಡು ಬರುತ್ತೆ. ಇಂಟರ್ನಲ್ಸ್ ಶುರುವಾದಾಗ ಮುಸುರೆ ಎರಡೆರಡು ದಿನ ಸಿಂಕ್‌ನಲ್ಲೇ ಕೂರುತ್ತೆ. ಆಮೇಲೆ ಯಾರೋ ಸಿಟ್ಟಲ್ಲಿ ಸ್ಟೀಲ್ ನಾರು ಹಿಡಿದು ಉಜ್ಜುತ್ತಾರೆ. ವರ್ಷ ತುಂಬುವುದರೊಳಗೆ ತವಾದ ನಡುವೆ ಬಿಳಿ ಗೆರೆಗಳು, ಅಂಚಿನಲ್ಲಿ ಎದ್ದ ಹಕ್ಕಳೆ. ರೂಮು ಖಾಲಿ ಮಾಡುವ ದಿನ ಅದು ಕಸದ ಬುಟ್ಟಿಗೆ. ಮುಂದಿನ ಬ್ಯಾಚು ಮತ್ತೆ ಹೊಸದು ಕೊಳ್ಳುತ್ತೆ.

ತಪ್ಪು ಯಾರದ್ದು ಅಂತ ಕೇಳಿದರೆ ‘ನೀನು ಉಜ್ಜಿದ್ದೇ ಜಾಸ್ತಿ’, ‘ನೀನು ಸ್ಟೀಲ್ ಚಮಚದಲ್ಲಿ ಕೆರೆದಿದ್ದಕ್ಕೇ ಹೀಗಾಗಿದ್ದು’ ಅಂತ ರೂಮಲ್ಲಿ ಪಂಚಾಯಿತಿ ಕೂರುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಆ ತವಾ ಹಾಳಾಗುವುದು ಅಂಗಡಿಯಲ್ಲೇ ನಿಶ್ಚಯವಾಗಿತ್ತು. ಕೊಳ್ಳುವಾಗ ಬೆಲೆ ಕೇಳಿದೆವು, ಸೈಜು ಕೇಳಿದೆವು, ಇಂಡಕ್ಷನ್ ಮೇಲೆ ನಡೆಯುತ್ತಾ ಅಂತ ಕೇಳಿದೆವು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ: ಇದನ್ನ ತೊಳೆಯೋದು ಹೇಗೆ, ಯಾವುದರಿಂದ, ಯಾರು?

ಪಾತ್ರೆಯ ಆಯಸ್ಸು ಅದರ ಮೇಲೆ ಅಡುಗೆ ಮಾಡುವವರಿಗಿಂತ ಹೆಚ್ಚಾಗಿ ಅದನ್ನು ತೊಳೆಯುವವರ ಕೈಯಲ್ಲಿದೆ. ಹಾಗಾಗಿ ತೊಳೆಯುವ ಉಪಕರಣವೂ ಪಾತ್ರೆಯ ಡಿಸೈನಿನ ಒಂದು ಭಾಗ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು. ಈ ಮಾತನ್ನು ಚೆನ್ನಾಗಿ ತೋರಿಸಿಕೊಡುವ ಒಂದು ವಸ್ತು ಇದೆ. ಹೆಸರು ಚೈನ್‌ಮೇಲ್ ಸ್ಕ್ರಬ್ಬರ್. ಈಚೆಗೆ ಬೀಡಿನ, ಅಂದರೆ ಎರಕದ ಕಬ್ಬಿಣದ ಕಾವಲಿ ಕೊಳ್ಳುವವರ ಬಾಯಲ್ಲಿ ಇದರ ಹೆಸರು ಓಡಾಡ್ತಾ ಇದೆ. ಇದು ನಿಜಕ್ಕೂ ಕೆಲಸದ್ದಾ, ಬರೀ ಶೋಕಿಯಾ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ.

ಕವಚದ ತುಂಡು ಸಿಂಕಿಗೆ ಬಂದ ಬಗೆ

ಹಳೇ ಕಾಲದ ಯುದ್ಧದ ಸಿನಿಮಾಗಳಲ್ಲಿ ಯೂರೋಪಿನ ಸೈನಿಕರು ಬಲೆಯಂಥ ಲೋಹದ ಅಂಗಿ ತೊಟ್ಟಿರೋದನ್ನ ನೋಡಿರ್ತೀರಿ. ಅದೇ ಚೈನ್‌ಮೇಲ್. ಸಣ್ಣ ಸಣ್ಣ ಬಳೆಗಳನ್ನು ಒಂದರೊಳಗೊಂದು ಕೂರಿಸಿ ಹೆಣೆದದ್ದು. ಹೆಚ್ಚು ಬಳಕೆಯಲ್ಲಿದ್ದ ಹೆಣಿಗೆಯಲ್ಲಿ ಪ್ರತಿ ಬಳೆಯೂ ಅಕ್ಕಪಕ್ಕದ ನಾಲ್ಕು ಬಳೆಗಳ ಜೊತೆ ಕೊಂಡಿ ಹಾಕಿಕೊಂಡಿರುತ್ತೆ. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೇ ಯೂರೋಪಿನ ಕೆಲ್ಟಿಕ್ ಜನರಲ್ಲಿ ಇದು ಇತ್ತು. ನಮ್ಮಲ್ಲಿ ಮೊಘಲರ ಕಾಲದ ಯೋಧರು ಬಳೆಗಳ ನಡುವೆ ಉಕ್ಕಿನ ತಗಡು ಸೇರಿಸಿದ ಅಂಗಿ ತೊಡುತ್ತಿದ್ದರು. ಯುದ್ಧದ ಕಾಲ ಮುಗಿದರೂ ಹೆಣಿಗೆ ಸಾಯಲಿಲ್ಲ. ಮಾಂಸ ಕತ್ತರಿಸುವವರು ಕೈ ಕೊಯ್ದುಕೊಳ್ಳದಂತೆ ಇಂದಿಗೂ ಇದೇ ಹೆಣಿಗೆಯ ಸ್ಟೀಲ್ ಗ್ಲೌಸು ಹಾಕ್ತಾರೆ. ಶಾರ್ಕ್ ಇರುವ ಕಡಲಿಗೆ ಇಳಿಯುವ ಡೈವರ್‌ಗಳ ಸೂಟೂ ಇದರದ್ದೇ.

ಅಂಗೈ ಅಗಲದ ಇಂಥ ಒಂದು ತುಂಡನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರೆ ಅದೇ ಸ್ಕ್ರಬ್ಬರ್. ಇಲ್ಲೊಂದು ತಮಾಷೆ ಇದೆ. ಆ ಕಾಲದ ಕವಚ ಮಾಮೂಲಿ ಕಬ್ಬಿಣದ್ದು, ತುಕ್ಕು ಹಿಡಿಯುತ್ತಿತ್ತು. ಅದನ್ನು ಮರಳು ತುಂಬಿದ ಪೀಪಾಯಿಗೆ ಹಾಕಿ ಉರುಳಿಸಿ ಸ್ವಚ್ಛ ಮಾಡುತ್ತಿದ್ದರು. ವರ್ಕ್‌ಶಾಪಿನಲ್ಲಿ ಟಂಬ್ಲಿಂಗ್ ಅಂತ ನಾವು ಓದುವುದು ಇದನ್ನೇ. ಅಂದರೆ ಒಂದು ಕಾಲದಲ್ಲಿ ಯಾರಾದರೂ ತಿಕ್ಕಬೇಕಾಗಿದ್ದ ವಸ್ತು ಇವತ್ತು ತಾನೇ ತಿಕ್ಕುವ ವಸ್ತು ಆಗಿದೆ.

ಕೊಯ್ಯುವುದು ಬೇರೆ, ಕೆಡವುವುದು ಬೇರೆ

ಕಬ್ಬಿಣದ ಕಾವಲಿಗೆ ಸ್ಟೀಲಿನ ಬಳೆ ತಿಕ್ಕಿದರೆ ಗೀರು ಬೀಳಲ್ವಾ? ಇದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಉತ್ತರ ಲೋಹಕ್ಕಿಂತ ಹೆಚ್ಚಾಗಿ ಅದರ ಆಕಾರದಲ್ಲಿದೆ.

ಮಾಮೂಲಿ ಸ್ಟೀಲ್ ನಾರನ್ನು ಹತ್ತಿರದಿಂದ ನೋಡಿ. ಅದು ದುಂಡು ತಂತಿಯಲ್ಲ, ಚಪ್ಪಟೆ ಪಟ್ಟಿ. ಪಟ್ಟಿಗೆ ಎರಡೂ ಕಡೆ ಚೂಪು ಅಂಚು. ಮೆಟಲ್ ಕಟಿಂಗ್ ಪಾಠದಲ್ಲಿ ಟೂಲಿನ ರೇಕ್ ಆ್ಯಂಗಲ್ ಬಗ್ಗೆ ಹೇಳಿಕೊಟ್ಟಿದ್ದಾರಲ್ಲ, ಅದನ್ನ ನೆನಪಿಸಿಕೊಳ್ಳಿ. ಚೂಪು ಅಂಚು ಮೇಲ್ಮೈಗೆ ಒಳ್ಳೆ ಕೋನದಲ್ಲಿ ಸಿಕ್ಕರೆ ಸಿಪ್ಪೆ ಎದ್ದು ಬರುತ್ತೆ. ಸ್ಟೀಲ್ ನಾರು ಅಂದರೆ ಅಂಥ ನೂರಾರು ಪುಟಾಣಿ ಟೂಲುಗಳ ಉಂಡೆ. ಅದು ಸೀದ ಅನ್ನವನ್ನೂ ಕೊಯ್ಯುತ್ತೆ, ಅದರ ಕೆಳಗಿನ ಪದರವನ್ನೂ ಕೊಯ್ಯುತ್ತೆ. ಅದಕ್ಕೆ ಎರಡರ ನಡುವೆ ವ್ಯತ್ಯಾಸ ಗೊತ್ತಿಲ್ಲ.

ಚೈನ್‌ಮೇಲ್‌ನ ಬಳೆ ದುಂಡು ತಂತಿಯದ್ದು. ಮೇಲ್ಮೈಗೆ ತಾಗುವ ಕಡೆ ಎಲ್ಲೂ ಅಂಚಿಲ್ಲ. ದುಂಡನೆಯ ವಸ್ತು ಮೇಲ್ಮೈಯನ್ನು ಕೊಯ್ಯುವುದು ಕಷ್ಟ, ಅದು ಸವರಿಕೊಂಡು ಹೋಗುತ್ತೆ. ಒತ್ತಡವೂ ಒಂದು ಗೆರೆಯ ಮೇಲೆ ಬೀಳದೆ ಸ್ವಲ್ಪ ಅಗಲಕ್ಕೆ ಹರಡುತ್ತೆ. ಆದರೆ ಕಾವಲಿಯ ಮೇಲೆ ಸೀದು ಕರಕಲಾದ ಹಿಟ್ಟು, ಮಸಾಲೆ, ಮೊಟ್ಟೆ ಚಪ್ಪಟೆಯಾಗಿ ಕೂತಿರಲ್ಲ, ಗಂಟುಗಂಟಾಗಿ ಎದ್ದು ನಿಂತಿರುತ್ತೆ. ಆ ಗಂಟು ಬಳೆಯ ತೂತಿನೊಳಗೆ ಸಿಕ್ಕಿಕೊಂಡು ಪಕ್ಕದಿಂದ ಪೆಟ್ಟು ತಿನ್ನುತ್ತೆ. ಕರಕಲು ಒಡೆಯುವ ಸ್ವಭಾವದ್ದು, ಆದ್ದರಿಂದ ಬುಡಸಮೇತ ಎದ್ದು ಬರುತ್ತೆ. ಎದ್ದು ನಿಂತದ್ದಕ್ಕೆ ಪೆಟ್ಟು, ಮಟ್ಟವಾಗಿದ್ದದ್ದಕ್ಕೆ ಸವರಿಕೆ. ಈ ವಸ್ತುವಿನ ಜಾಣತನ ಅಷ್ಟೇ, ಆದರೆ ಅದು ಸಣ್ಣ ಜಾಣತನವಲ್ಲ.

ಇನ್ನೂ ಎರಡು ಗುಣ ಹೇಳಬೇಕು. ಒಂದು, ಬಲೆ ಬಟ್ಟೆಯಂತೆ ಮೈಗೆ ಒರಗುತ್ತೆ. ಪಡ್ಡಿನ ಹೆಂಚಿನ ಗುಳಿಯೊಳಗೆ ಬೆರಳಿನಿಂದ ಒತ್ತಿ ತಿರುಗಿಸಿದರೆ ಗುಳಿಯ ಆಕಾರಕ್ಕೇ ಬಾಗುತ್ತೆ. ಪಡ್ಡಿನ ಹೆಂಚು ತೊಳೆದವರಿಗೆ ಆ ಗುಳಿಗಳ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಎರಡು, ತೊಳೆಯುವ ವಸ್ತುವನ್ನೇ ತೊಳೆಯೋದು ಸುಲಭ. ಸ್ಪಂಜು ಅನ್ನ, ಜಿಡ್ಡು, ನೀರು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ನಾರುತ್ತೆ. ಬಳೆಗಳ ನಡುವೆ ಏನೂ ನಿಲ್ಲಲ್ಲ, ನಲ್ಲಿ ಕೆಳಗೆ ಹಿಡಿದು ಕೊಡವಿ ಮೊಳೆಗೆ ನೇತುಹಾಕಿದರೆ ಒಣಗುತ್ತೆ. ತೊಳೆಯುವವರ ಕಡೆಯಿಂದ ಯೋಚಿಸಿದ ಡಿಸೈನ್ ಅಂದರೆ ಹೀಗಿರುತ್ತೆ.

ಕಾವಲಿಯ ಮೇಲಿನ ಆ ಕಪ್ಪು ಏನು?

ಇಷ್ಟೊಂದು ಜೋಪಾನ ಯಾಕೆ ಅಂದರೆ, ಪಳಗಿದ ಕಾವಲಿಯ ಮೇಲಿನ ಕಪ್ಪು ಕೊಳೆಯಲ್ಲ. ಅಮ್ಮಂದಿರು ‘ಹೆಂಚು ಪಳಗಿಸಬೇಕು’ ಅಂತ ಹೇಳುವ ಮಾತಿನ ಹಿಂದೆ ಶುದ್ಧ ಪಾಲಿಮರ್ ಕೆಮಿಸ್ಟ್ರಿ ಇದೆ. ಎಣ್ಣೆಯನ್ನು ತೆಳ್ಳಗೆ ಸವರಿ ಬಿಸಿ ಮಾಡಿದಾಗ ಅದರಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ದ್ರವವಾಗಿದ್ದ ಎಣ್ಣೆ ಗಟ್ಟಿ ಪದರವಾಗುತ್ತೆ. ಆಯಿಲ್ ಪೇಂಟ್ ಒಣಗುವುದೂ ಇದೇ ದಾರಿಯಲ್ಲಿ. ಅಗಸೆ ಎಣ್ಣೆಯನ್ನು ಪೇಂಟಿಗೆ ಬಳಸುವುದು ಈ ಗುಣಕ್ಕಾಗಿಯೇ. ಕಾವಲಿಯ ಮೇಲೆ ದಿನಾ ಒಂದೊಂದು ದೋಸೆಯೂ ಈ ಪದರಕ್ಕೆ ಒಂದಿಷ್ಟು ಸೇರಿಸುತ್ತೆ. ದೋಸೆ ಅಂಟದೆ ಏಳುವುದೂ, ಕಬ್ಬಿಣಕ್ಕೆ ತುಕ್ಕು ಬಾರದೆ ಇರುವುದೂ ಇದರಿಂದಲೇ.

ಇದು ಗೊತ್ತಾದರೆ ಮನೆಯ ಎಷ್ಟೋ ಕಟ್ಟಳೆಗಳ ಅರ್ಥ ತಾನಾಗಿ ತೆರೆದುಕೊಳ್ಳುತ್ತೆ. ‘ದೋಸೆ ಕಾವಲಿಯಲ್ಲಿ ಚಪಾತಿ ಬೇಯಿಸಬೇಡ’ ಅನ್ನೋದು ಮಡಿಯ ಮಾತಲ್ಲ. ಚಪಾತಿಗೆ ಎಣ್ಣೆ ಇಲ್ಲದೆ ಹೆಂಚನ್ನು ಚೆನ್ನಾಗಿ ಕಾಯಿಸುತ್ತೇವೆ, ಆ ಒಣ ಶಾಖಕ್ಕೆ ಪದರ ಸುಟ್ಟು ಹೋಗುತ್ತೆ. ‘ಕಾವಲಿಯಲ್ಲಿ ಹುಳಿ ಕುದಿಸಬೇಡ’ ಅನ್ನೋದೂ ಹಾಗೇ. ಆಮ್ಲ ಪದರದ ಕೆಳಗೆ ನುಸುಳಿ ಕಬ್ಬಿಣವನ್ನೇ ಕರಗಿಸುತ್ತೆ, ಸಾರಿಗೆ ಕಬ್ಬಿಣದ ರುಚಿ ಬರುತ್ತೆ.

ಇನ್ನು ‘ಕಾವಲಿಗೆ ಸೋಪು ಮುಟ್ಟಿಸಬಾರದು’ ಅನ್ನೋ ಕಟ್ಟಳೆ. ಇದು ಅರ್ಧ ನಿಜ. ಹಿಂದಿನ ಸೋಪುಗಳಲ್ಲಿ ಕ್ಷಾರ ಜಾಸ್ತಿ, ಕ್ಷಾರ ಆ ಪದರದ ಬೆಸುಗೆಯನ್ನು ಬಿಡಿಸಬಲ್ಲದು. ಇವತ್ತಿನ ಪಾತ್ರೆ ತೊಳೆಯುವ ಲಿಕ್ವಿಡ್‌ಗಳು ಮೃದು. ಮೇಲಿನ ಹಸಿ ಜಿಡ್ಡನ್ನು ತೆಗೆಯುತ್ತವೆ, ಬೆಸೆದುಕೊಂಡ ಪದರವನ್ನು ಬಿಡಿಸುವಷ್ಟು ಶಕ್ತಿ ಅವಕ್ಕಿಲ್ಲ. ಹಾಗಂತ ಪಾತ್ರೆ ಸೋಪಿನ ಬಿಲ್ಲೆಗೂ ಉಜ್ಜುವ ಪುಡಿಗೂ ಇದೇ ಮಾತು ಅನ್ವಯಿಸಲ್ಲ. ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ವಾಷಿಂಗ್ ಸೋಡಾ ಇರುತ್ತೆ, ಜೊತೆಗೆ ಉಜ್ಜಲಿಕ್ಕೆ ಖನಿಜದ ಪುಡಿ. ಅವನ್ನು ಕಾವಲಿಯಿಂದ ದೂರ ಇಡಿ. ಲಿಕ್ವಿಡ್ಡು ಒಂದು ಹನಿ ಬಿದ್ದರೆ ಆಕಾಶ ಕಳಚಿ ಬೀಳಲ್ಲ.

ಬಳೆ ಎಲ್ಲಿ ಬೇಡ

ಒಳ್ಳೆಯ ಉಪಕರಣವನ್ನು ತಪ್ಪು ಜಾಗದಲ್ಲಿ ಹಿಡಿದರೆ ಅದೂ ಆಯುಧವೇ. ಚೈನ್‌ಮೇಲ್ ಸ್ಕ್ರಬ್ಬರ್ ಇರೋದು ಪಳಗಿದ ಕಬ್ಬಿಣಕ್ಕೆ, ಬೀಡಾಗಲಿ ದಪ್ಪ ಕಬ್ಬಿಣದ ತಗಡಾಗಲಿ. ಮೊನ್ನೆಮೊನ್ನೆ ಪಳಗಿಸಲು ಶುರು ಮಾಡಿದ ಹೊಸ ಕಾವಲಿಗೆ ಬೇಡ, ಅದರ ಪದರ ಇನ್ನೂ ಎಳೆಯದು, ಜೋರಾಗಿ ತಿಕ್ಕಿದರೆ ದುಂಡು ಬಳೆಯೂ ಅದನ್ನು ಎಬ್ಬಿಸುತ್ತೆ. ನಾನ್‌ಸ್ಟಿಕ್‌ಗೆ ಖಂಡಿತಾ ಬೇಡ. ಎನಾಮೆಲ್ ಅಂದರೆ ಲೋಹದ ಮೇಲೆ ಕೂರಿಸಿದ ಗಾಜು, ಅದರ ಮೇಲೆ ಲೋಹದ ಗುರುತು ಕೂರುತ್ತೆ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಹಾಳೇನೂ ಆಗಲ್ಲ, ಆದರೆ ಹೊಳಪಿನ ಮೇಲೆ ಗೀರು ಕಾಣುತ್ತೆ.

ನಮ್ಮ ಮನೆಗಳ ಇನ್ನೆರಡು ಪಾತ್ರೆಗಳ ಹೆಸರನ್ನೂ ಈ ಪಟ್ಟಿಗೆ ಸೇರಿಸಬೇಕು. ಒಂದು, ಕಲಾಯಿ ಹಾಕಿದ ತಾಮ್ರ, ಹಿತ್ತಾಳೆ. ಕಲಾಯಿ ಅಂದರೆ ತವರದ ತೆಳು ಪದರ. ತವರ ಕರಗುವುದೇ 232 ಡಿಗ್ರಿ ಸೆಲ್ಸಿಯಸ್‌ಗೆ, ಅಷ್ಟು ಮೃದು ಲೋಹ. ಅದರ ಒಳಮೈಗೆ ಬಳೆ ತಿಕ್ಕಿದರೆ ಕಲಾಯಿಯವರನ್ನು ಮತ್ತೆ ಹುಡುಕಿಕೊಂಡು ಹೋಗಬೇಕಾಗುತ್ತೆ. ಇನ್ನೊಂದು, ಬಳಪದ ಕಲ್ಲಿನ ಪಾತ್ರೆ. ಆ ಕಲ್ಲಿನ ಮುಖ್ಯ ಖನಿಜ ಟಾಲ್ಕ್, ಮೋಹ್ಸ್ ಗಡಸುತನದ ಪಟ್ಟಿಯಲ್ಲಿ ಅದಕ್ಕೆ 1ನೇ ಸ್ಥಾನ, ಅಂದರೆ ಎಲ್ಲಕ್ಕಿಂತ ಮೆತ್ತಗೆ. ಉಗುರಿಗೂ ಗೀರು ಬೀಳುವ ಕಲ್ಲಿಗೆ ಉಕ್ಕಿನ ಬಳೆ ತಂದರೆ ಏನಾಗುತ್ತೆ ಅಂತ ಯೋಚಿಸಿ.

ಅಜ್ಜಿಯ ಪಾರ್ಟಿ, ಗ್ಯಾಜೆಟ್ ಪಾರ್ಟಿ

ಈ ವಿಷಯ ಎತ್ತಿದರೆ ಎರಡು ಪಾರ್ಟಿಗಳು ಎದ್ದು ನಿಲ್ಲುತ್ತವೆ. ಗ್ಯಾಜೆಟ್ ಪಾರ್ಟಿಗೆ ಹೊಸದು ಬಂದದ್ದೇ ಸಾಕು, ಆರ್ಡರ್ ಹಾಕಿ ಆಮೇಲೆ ಯಾಕೆ ಅಂತ ಯೋಚಿಸುತ್ತೆ. ಅಜ್ಜಿ ಪಾರ್ಟಿಗೆ ‘ನಮ್ಮಜ್ಜಿ ಬೂದಿಯಲ್ಲೇ ಎಲ್ಲಾ ತಿಕ್ತಿದ್ರು, ಇದೆಲ್ಲಾ ಯಾಕೆ’ ಅನ್ನೋದೊಂದೇ ವಾದ. ಎರಡೂ ಪಾರ್ಟಿಗಳು ಒಂದೇ ಕೆಲಸ ಮಾಡ್ತಿವೆ: ಉಪಕರಣಕ್ಕೂ ಮೇಲ್ಮೈಗೂ ಇರುವ ಸಂಬಂಧವನ್ನು ನೋಡದೆ ತೀರ್ಪು ಕೊಡ್ತಿವೆ.

ಅಜ್ಜಿಯರು ‘ಎಲ್ಲವನ್ನೂ’ ಒಂದರಲ್ಲೇ ತಿಕ್ಕುತ್ತಿರಲಿಲ್ಲ ಅನ್ನೋದೇ ಗಮನಿಸಬೇಕಾದ ಸಂಗತಿ. ಜಿಡ್ಡಿನ ಪಾತ್ರೆಗೆ ಬೂದಿ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ, ಜಿಡ್ಡಿನ ಜೊತೆ ಸೇರಿ ಅಲ್ಲೇ ಸೋಪಿನಂತೆ ಕೆಲಸ ಮಾಡುತ್ತೆ. ಹಿತ್ತಾಳೆ, ತಾಮ್ರದ ಹೊರಮೈಗೆ ಹುಣಸೆಹಣ್ಣು. ಅದರ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತೆ. ದೋಸೆ ಕಾವಲಿಗೆ ಇವೆರಡೂ ಅಲ್ಲ. ಬಟ್ಟೆ ತುಂಡು, ಇಲ್ಲವಾದರೆ ತೆಂಗಿನ ನಾರು, ಮತ್ತೆ ದೋಸೆ ಹೊಯ್ಯುವ ಮುಂಚೆ ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿ. ಒಂದೊಂದು ಮೇಲ್ಮೈಗೆ ಒಂದೊಂದು ಉಪಕರಣ. ಇದು ಪರಂಪರೆ ಅಂತ ಕೈಮುಗಿದು ಸುಮ್ಮನಾಗುವ ಬದಲು, ಇದೊಂದು ಆಯ್ಕೆಯ ಪದ್ಧತಿ ಅಂತ ಓದಿಕೊಂಡರೆ ನಮಗೇ ಲಾಭ.

ನಮ್ಮ ದರ್ಶಿನಿ ಹೋಟೆಲುಗಳ ದೋಸೆ ಭಟ್ಟರನ್ನು ನೋಡಿ. ಒಂದು ಸುತ್ತು ದೋಸೆ ತೆಗೆದ ಮೇಲೆ ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಸರ್ ಅಂತ ಗುಡಿಸ್ತಾರೆ. ನೀರು ಆವಿಯಾಗುತ್ತಾ ಅಂಟಿದ್ದನ್ನು ಸಡಿಲಿಸುತ್ತೆ, ಕಾವಲಿಯ ಶಾಖವನ್ನೂ ಇಳಿಸುತ್ತೆ, ಹಾಗಾಗಿ ಮುಂದಿನ ಹಿಟ್ಟು ಮುದ್ದೆಯಾಗದೆ ಹರಡುತ್ತೆ. ಹನಿಗಳು ಹೇಗೆ ಕುಣಿಯುತ್ತವೆ ಅನ್ನೋದರಲ್ಲೇ ಅವರಿಗೆ ಟೆಂಪರೇಚರ್ ಗೊತ್ತಾಗುತ್ತೆ. ಹೀಟ್ ಟ್ರಾನ್ಸ್‌ಫರ್ ಪೇಪರಿಗೆ ನಾವು ಲೈಡನ್‌ಫ್ರಾಸ್ಟ್ ಎಫೆಕ್ಟ್ ಅಂತ ಉರು ಹೊಡೆಯುವುದನ್ನು ಅವರು ಪೊರಕೆ ಹಿಡಿದುಕೊಂಡೇ ಓದುತ್ತಿರ್ತಾರೆ. ಅಲ್ಲಿ ತೊಳೆಯುವುದು ಅಡುಗೆ ಮುಗಿದ ಮೇಲಿನ ಕೆಲಸವಲ್ಲ, ಅಡುಗೆಯ ಒಂದು ಹೆಜ್ಜೆ.

ಹಾಗಾದರೆ ಚೈನ್‌ಮೇಲ್ ಬೇಕಾ ಬೇಡವಾ? ನನ್ನ ಉತ್ತರ: ದಿನಾ ದೋಸೆ ಮಾತ್ರ ಹೊಯ್ಯುವ, ಆಗಿಂದಾಗ್ಗೆ ಒರೆಸಿಡುವ ಕಾವಲಿಗೆ ತೆಂಗಿನ ನಾರೇ ಸಾಕು. ತಿಪಟೂರು, ಅರಸೀಕೆರೆ ಕಡೆಯವರಿಗಂತೂ ಅದು ಹಿತ್ತಲಲ್ಲೇ ಬಿದ್ದಿರುತ್ತೆ. ನಾರಿನಲ್ಲಿ ಲಿಗ್ನಿನ್ ಹೆಚ್ಚು, ಹಾಗಾಗಿ ಗಡುಸು, ನೀರಲ್ಲಿ ಬೇಗ ಕೊಳೆಯಲ್ಲ, ಕಬ್ಬಿಣಕ್ಕಿಂತ ಎಷ್ಟೋ ಮೆತ್ತಗೆ. ಸ್ವಲ್ಪ ಮೊಂಡು ಕಲೆಗೆ ಒಂದು ಹಿಡಿ ಕಲ್ಲುಪ್ಪು ಸೇರಿಸಿ. ಉಪ್ಪಿನ ಗಡಸುತನ ಮೋಹ್ಸ್ ಪಟ್ಟಿಯಲ್ಲಿ ಸುಮಾರು 2.5, ಕಬ್ಬಿಣದ್ದು ಸುಮಾರು 4. ಉಜ್ಜುತ್ತೆ, ಗೀರುವುದಿಲ್ಲ, ಕೆಲಸ ಮುಗಿದ ಮೇಲೆ ನೀರಲ್ಲಿ ಕರಗಿ ಹೋಗುತ್ತೆ. ಆದರೆ ಉಪ್ಪು ಉಳಿದರೆ ತುಕ್ಕಿಗೆ ಕರೆದು ಕೂರಿಸಿದಂತೆ, ಚೆನ್ನಾಗಿ ತೊಳೆದು ಒಣಗಿಸಬೇಕು. ಇದಕ್ಕೆ ಹೋಲಿಸಿ ನೋಡಿ: ಹಸಿರು ಪ್ಯಾಡಿನ ನೈಲಾನ್ ಎಳೆಗಳಿಗೆ ಸಾಮಾನ್ಯವಾಗಿ ಅಂಟಿಸುವುದು ಅಲ್ಯುಮಿನಿಯಂ ಆಕ್ಸೈಡ್ ಪುಡಿ, ಅದರ ಗಡಸುತನ 9. ನಾವು ಮೆತ್ತಗಿನದು ಅಂತ ಕೈಗೆತ್ತಿಕೊಳ್ಳುವುದು ಹಲವು ಸಲ ಸ್ಯಾಂಡ್‌ಪೇಪರಿನ ತಮ್ಮ.

ಚೈನ್‌ಮೇಲ್ ತನ್ನ ದುಡ್ಡು ದುಡಿಯುವುದು ಬೇರೆ ಕಡೆ. ಪಲ್ಯ, ಮೊಟ್ಟೆ, ಮೀನು, ಮಾಂಸ ಎಲ್ಲವನ್ನೂ ಒಂದೇ ಬೀಡಿನ ಬಾಣಲೆಯಲ್ಲಿ ಮಾಡುವ ರೂಮುಗಳಲ್ಲಿ, ಗುಳಿಗಳಿರುವ ಪಡ್ಡಿನ ಹೆಂಚಿನಲ್ಲಿ, ನಾಲ್ಕು ಜನ ಸರದಿಯಲ್ಲಿ ತೊಳೆಯುವಾಗ ಒಬ್ಬೊಬ್ಬರ ಕೈ ಒಂದೊಂದು ಥರ ಇರುವ ಕಡೆ. ಇದು ಸ್ಟೀಲ್ ನಾರಿಗಿಂತ ಹಲವು ಪಟ್ಟು ದುಬಾರಿ, ನಿಜ. ಆದರೆ ಸ್ಟೀಲ್ ನಾರು ಚೂರುಚೂರಾಗಿ ಪಲ್ಯದೊಳಗೆ ಬೀಳುತ್ತೆ, ತಿಂಗಳಿಗೊಮ್ಮೆ ಹೊಸದು ಬೇಕಾಗುತ್ತೆ. ಬಳೆಗಳ ಬಾಯಿ ಸರಿಯಾಗಿ ಬೆಸೆದಿದ್ದರೆ ಚೈನ್‌ಮೇಲ್ ವರ್ಷಗಟ್ಟಲೆ ಬರುತ್ತೆ. ಕೊಳ್ಳುವುದಾದರೆ ನೋಡಬೇಕಾದದ್ದು ಎರಡೇ: ಪ್ರತಿ ಬಳೆಯ ಜೋಡಣೆ ಬೆಸೆದಿದೆಯಾ, ಬರೀ ಬಗ್ಗಿಸಿ ಬಿಟ್ಟಿದ್ದಾರಾ, ತಂತಿ ದುಂಡಗಿದೆಯಾ. ಬಾಯಿ ಬಿಟ್ಟ ಬಳೆಯಲ್ಲಿ ಮತ್ತೆ ಅದೇ ಚೂಪು ತುದಿ. ಲೋಹ 304 ಅಥವಾ 316 ಸ್ಟೇನ್‌ಲೆಸ್ ಆಗಿರಲಿ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುವುದರಿಂದ ಉಪ್ಪಿನ ಹೊಡೆತ ಚೆನ್ನಾಗಿ ತಡೆದುಕೊಳ್ಳುತ್ತೆ.

ರಿಪೇರಿ ಆಗುವ ಮೇಲ್ಮೈ

ನಾನ್‌ಸ್ಟಿಕ್ಕನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್ಕನ್ನು 1938ರಲ್ಲಿ ಡ್ಯುಪಾಂಟ್‌ನ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದರು. ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಅಲ್ಯುಮಿನಿಯಂ ಮೇಲೆ ಕೂರಿಸುವ ದಾರಿ ಕಂಡುಕೊಂಡು 1956ರಲ್ಲಿ ಟೆಫಾಲ್ ಶುರು ಮಾಡಿದರು. ‘ಇದನ್ನ ನನ್ನ ಪಾತ್ರೆಗೆ ಯಾಕೆ ಹಚ್ಚಬಾರದು’ ಅನ್ನೋ ಐಡಿಯಾ ಕೊಟ್ಟಿದ್ದು ಅವರ ಹೆಂಡತಿ ಕೋಲೆಟ್ ಅನ್ನೋದು ಪ್ರಸಿದ್ಧ ಕತೆ. ಅಡುಗೆಮನೆಯಲ್ಲಿ ಕೈ ನೋಯಿಸಿಕೊಂಡವರಿಗೆ ಹೊಳೆಯುವ ಐಡಿಯಾನೇ ಅದು. ಕಡಿಮೆ ಉರಿಯಲ್ಲಿ, ಮರದ ಸೌಟು ಹಿಡಿದು, ಸ್ಪಂಜಿನಲ್ಲಿ ತೊಳೆಯುವವರಿಗೆ ನಾನ್‌ಸ್ಟಿಕ್ ಒಳ್ಳೆಯ ಪಾತ್ರೆಯೇ. ಅದನ್ನು 260 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಬಾರದು ಅಷ್ಟೆ. ಅದರ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಪಿಎಫ್‌ಒಎ ಅನ್ನೋ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಿದ್ದೂ ಆಗಿದೆ.

ಆದರೆ ಒಂದು ವ್ಯತ್ಯಾಸ ನಮ್ಮಂಥವರಿಗೆ ದೊಡ್ಡದು. ನಾನ್‌ಸ್ಟಿಕ್ಕಿನ ಪದರ ಫ್ಯಾಕ್ಟರಿಯಲ್ಲಿ ಹುಟ್ಟುತ್ತೆ, ನಮ್ಮ ಸಿಂಕಿನಲ್ಲಿ ಸಾಯುತ್ತೆ. ಹೋದ ಪದರವನ್ನು ನಾವು ಮತ್ತೆ ಹಾಕೋಕಾಗಲ್ಲ. ಕಬ್ಬಿಣದ ಕಾವಲಿಯ ಪದರ ನಮ್ಮ ಅಡುಗೆಮನೆಯಲ್ಲೇ ಹುಟ್ಟುತ್ತೆ. ಯಾರೋ ಒಬ್ಬ ರೂಮ್‌ಮೇಟ್ ಸಿಟ್ಟಲ್ಲಿ ಸ್ಟೀಲ್ ನಾರು ಹಾಕಿ ಉಜ್ಜಿದರೂ, ರಾತ್ರಿಯಿಡೀ ನೀರಲ್ಲಿ ಬಿಟ್ಟು ತುಕ್ಕು ಹಿಡಿಸಿದರೂ, ಉಜ್ಜಿ, ಒಣಗಿಸಿ, ಎಣ್ಣೆ ಸವರಿ, ಕಾಯಿಸಿದರೆ ಮತ್ತೆ ಬರುತ್ತೆ. ತಪ್ಪನ್ನು ಕ್ಷಮಿಸುವ ಪಾತ್ರೆ ಅದು. ನಾಲ್ಕು ಜನ ಹುಡುಗರ ರೂಮಿಗೆ, ಹುಡುಗಿಯರ ರೂಮಿಗೆ ಬೇಕಾಗಿರೋದು ಇಂಥದ್ದೇ.

ಅದಕ್ಕೆ ಬೇಕಾದ ಶಿಸ್ತು ಎರಡು ನಿಮಿಷದ್ದು. ಕಾವಲಿ ಉಗುರುಬಿಸಿ ಇರುವಾಗಲೇ ಸ್ವಲ್ಪ ನೀರು ಹಾಕಿ. ಕೆಂಡದಂತೆ ಕಾದಿದ್ದಾಗ ತಣ್ಣೀರು ಸುರಿಯಬೇಡಿ, ಬೀಡು ಒಡೆಯುವ ಲೋಹ, ಬಿರುಕು ಬಿಡುತ್ತೆ. ನಿಮಿಷ ಬಿಟ್ಟು ನಾರು ಅಥವಾ ಬಳೆಯಿಂದ ಹಗುರವಾಗಿ ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಸ್ಟೌ ಮೇಲಿಟ್ಟು ಪೂರ್ತಿ ಒಣಗಿಸಿ. ಇಂಡಕ್ಷನ್ ಆದರೆ ಕಡಿಮೆ ಸೆಟ್ಟಿಂಗ್‌ನಲ್ಲೇ ಶುರು ಮಾಡಿ. ಕೊನೆಗೆ ಒಂದು ಹನಿ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಎಣ್ಣೆ ದಪ್ಪವಾದರೆ ಅಂಟಂಟಾಗುತ್ತೆ, ಪದರ ಆಗಲ್ಲ.

ತೊಳೆಯುವವರು ಯಾರು?

ಈ ವಿಷಯಕ್ಕೆ ಇಷ್ಟೊಂದು ಬರೆಯಬೇಕಾ ಅಂತ ಅನಿಸಿದ್ದರೆ, ಅದಕ್ಕೊಂದು ಕಾರಣ ಇದೆ. ನಮ್ಮ ದೇಶದಲ್ಲಿ ಪಾತ್ರೆ ತೊಳೆಯುವ ಕೆಲಸ ಯಾರ ತಲೆಗೆ ಕಟ್ಟಿದೆ ಅಂತ ನಮಗೆಲ್ಲಾ ಗೊತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯ ಸಂಬಳವಿಲ್ಲದ ಕೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕಾಗಿ ಕೊಡುವ ಸಮಯ ಸರಾಸರಿ 299 ನಿಮಿಷ. ಆ ಕೆಲಸಕ್ಕೆ ಕೈ ಹಾಕುವ ಗಂಡಸರದ್ದು 97 ನಿಮಿಷ. ಅದೂ ದಿನದಲ್ಲಿ ಒಮ್ಮೆಯಾದರೂ ಇಂಥ ಕೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26 ಜನ, ಹೆಂಗಸರು 81 ಜನ. ಪಾತ್ರೆ, ಲೇಪ, ಸ್ಟೌ ಡಿಸೈನ್ ಮಾಡುವ ಹುದ್ದೆಗಳಲ್ಲಿ ಹೆಚ್ಚಾಗಿ ಕೂತಿರೋದು ಮತ್ತು ನಾಳೆ ಕೂರಲಿರೋದು ಯಾರು? ಮುಸುರೆ ಮುಟ್ಟದ ಆ ಉಳಿದ 74 ಜನರ ಪೈಕಿಯವರೇ.

ನಮ್ಮ ಸಿಲಬಸ್ಸಿನಲ್ಲಿ ತಯಾರಿಕೆಗೆ ಸುಲಭವಾಗುವಂತೆ ಡಿಸೈನ್ ಮಾಡೋದು ಹೇಗೆ ಅಂತ ಇದೆ, ಜೋಡಣೆಗೆ ಸುಲಭವಾಗುವಂತೆ ಮಾಡೋದು ಹೇಗೆ ಅಂತಲೂ ಇದೆ. ತೊಳೆಯಲು ಸುಲಭವಾಗುವಂತೆ ಮಾಡುವುದರ ಬಗ್ಗೆ ಮಾತು ಬಲು ಕಡಿಮೆ. ಹಾಗಾಗಿಯೇ ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ ಬೆರಳು ಹೋಗದ ಸಂದಿ, ಕುಕ್ಕರ್ ಮುಚ್ಚಳದ ಒಳಗೆ ಬ್ರಷ್ಷು ತಲುಪದ ಮೂಲೆ, ನೀರಿನ ಬಾಟಲಿಯ ಕಿರಿದಾದ ಕತ್ತು. ಇವನ್ನು ಡಿಸೈನ್ ಮಾಡಿದವರು ಅವನ್ನು ದಿನಾ ತೊಳೆಯುತ್ತಿದ್ದರೆ ಅವು ಹೀಗಿರುತ್ತಿರಲಿಲ್ಲ. ತೊಳೆಯುವವರಿಗೆ ಇದೆಲ್ಲಾ ಗೊತ್ತು, ಅವರನ್ನು ಕೇಳಿದವರಿಲ್ಲ.

‘ಪಾತ್ರೆ ತೊಳೆಯೋಕೆ ಬಿಇ ಬೇಕಾ’ ಅಂತ ನೀವು ನಗಬಹುದು. ಬೇಡ, ಖಂಡಿತಾ ಬೇಡ. ಆದರೆ ಬಿಇ ಮಾಡಿದವರಿಗೆ ಪಾತ್ರೆ ತೊಳೆಯೋದು ಗೊತ್ತಿರಬೇಕು. ಘರ್ಷಣೆ, ಸವೆತ, ಗಡಸುತನ, ತುಕ್ಕು, ಮೇಲ್ಮೈಗೆ ಅಂಟುವಿಕೆ, ಅಂದರೆ ನಾವು ನಾಲ್ಕು ವರ್ಷ ಓದುವ ವಿಷಯಗಳಲ್ಲಿ ಅರ್ಧಕ್ಕರ್ಧ ಆ ಸಿಂಕಿನಲ್ಲೇ ಇವೆ. ಓದಿದ್ದನ್ನ ಅಲ್ಲಿ ಗುರುತಿಸೋಕಾಗದಿದ್ದರೆ ಓದಿದ್ದು ಎಲ್ಲಿಗೆ ಬಂತು?

ಅದಕ್ಕೇ ಒಂದು ಸಲಹೆ, ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕುತ್ತಿರುವವರಿಗೆ. ಒಂದೇ ಕಬ್ಬಿಣದ ತಗಡಿನಿಂದ ಒಂದೇ ಅಳತೆಯ ಇಪ್ಪತ್ತು ತುಂಡು ಕತ್ತರಿಸಿ. ಒಂದೇ ಎಣ್ಣೆಯಲ್ಲಿ, ಒಂದೇ ಶಾಖದಲ್ಲಿ ಎಲ್ಲವನ್ನೂ ಪಳಗಿಸಿ. ಎಲ್ಲದರ ಮೇಲೂ ಒಂದೇ ತೂಕದ ದೋಸೆ ಹಿಟ್ಟು ಸೀಸಿ. ಆಮೇಲೆ ತೆಂಗಿನ ನಾರು, ಕಲ್ಲುಪ್ಪು, ಹಸಿರು ಪ್ಯಾಡು, ಸ್ಟೀಲ್ ನಾರು, ಚೈನ್‌ಮೇಲ್, ಐದರಲ್ಲೂ ನಾಲ್ಕು ನಾಲ್ಕು ತುಂಡು ತಿಕ್ಕಿ. ಒತ್ತಡ ಒಂದೇ ಇರುವಂತೆ ಮೇಲೊಂದು ತೂಕದ ಬಟ್ಟು ಕೂರಿಸಿ. ಪೂರ್ತಿ ಸ್ವಚ್ಛವಾಗಲು ಎಷ್ಟು ಸಲ ಎಳೆಯಬೇಕಾಯಿತು ಅಂತ ಎಣಿಸಿ, ಪದರ ಎಷ್ಟು ಹೋಯಿತು ಅಂತ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಮೆಟ್ರಾಲಜಿ ಲ್ಯಾಬಿನಲ್ಲಿ ಮೇಲ್ಮೈಯ ಒರಟುತನ ಅಳೆಯಿರಿ. ನಾನು ಇಲ್ಲಿ ಹೇಳಿದ ‘ಎದ್ದು ನಿಂತದ್ದಕ್ಕೆ ಪೆಟ್ಟು, ಮಟ್ಟವಾಗಿದ್ದದ್ದಕ್ಕೆ ಸವರಿಕೆ’ ಅನ್ನೋ ವಾದ ಸರಿಯೋ ತಪ್ಪೋ ನಿಮ್ಮ ಅಂಕಿಗಳೇ ಹೇಳಲಿ. ಖರ್ಚು ಕಡಿಮೆ, ಕೋಡ್ ಬೇಡ, ಕಾಪಿ ಹೊಡೆಯೋಕೆ ಹಳೇ ರಿಪೋರ್ಟೂ ಸಿಗಲ್ಲ.

ಪ್ರಾಜೆಕ್ಟು ಶುರು ಮಾಡುವ ಮುಂಚೆ ಮೆಸ್ಸಿನ ಹಿಂಬದಿಗೆ ಒಂದು ಸಲ ಹೋಗಿ ಬನ್ನಿ. ಅಲ್ಲಿ ದಿನಾ ನೂರಾರು ತಟ್ಟೆ, ಹತ್ತಾರು ಹಂಡೆ ತಿಕ್ಕುವ ಅಕ್ಕಂದಿರಿದ್ದಾರೆ, ಅಣ್ಣಂದಿರಿದ್ದಾರೆ. ಯಾವ ಪಾತ್ರೆ ಬೇಗ ಬಿಡುತ್ತೆ, ಯಾವುದು ಕೈ ನೋಯಿಸುತ್ತೆ, ಯಾವ ಮೂಲೆಯಲ್ಲಿ ಹಿಟ್ಟು ಕೂರುತ್ತೆ, ಯಾವ ಸ್ಕ್ರಬ್ಬರ್ ಎಷ್ಟು ದಿನ ಬಾಳುತ್ತೆ ಅಂತ ಅವರನ್ನು ಕೇಳಿ, ಬರೆದುಕೊಳ್ಳಿ. ಗೈಡ್ ಹೆಸರು ಹಾಕುವ ಪುಟದಲ್ಲಿ ಅವರ ಹೆಸರಿಗೂ ಒಂದು ಸಾಲು ಬಿಡಿ.